ಗಾಜಿಗೆ ತೂತು: ಯಾವ ಬಿಟ್ ಕೊಳ್ಳಲಿ?

ಪ್ರಶ್ನೆ: ಅಂಗಡಿ ಶೋಕೇಸಿನ ಗಾಜಿಗೆ ಏಳೆಂಟು ತೂತು ಹಾಕಬೇಕು. ಕಡಿಮೆ ಬೆಲೆಯ, ಬಾಳಿಕೆ ಬರುವ ಬಿಟ್ ಯಾವುದು?
– ಓದುಗರು, ಹೊಸಹೊಳಲು

ಉತ್ತರ: 13ನೇ ಶತಮಾನದ ನಿಮ್ಮೂರ ಲಕ್ಷ್ಮೀನಾರಾಯಣ ಗುಡಿಯ ಬಳಪದ ಕಲ್ಲು ಉಳಿಗೆ ಬಗ್ಗಿತು, ಗಾಜು ಬಗ್ಗದು, ಒಡೆಯುತ್ತದೆ. ಹಾಗಾಗಿ ಗೋಡೆ ಕೊರೆಯುವ ಬಿಟ್ ಬೇಡ. ಸ್ಕ್ರೂ ಹಿಡಿಸುವ 4ರಿಂದ 8 ಮಿ.ಮೀ. ತೂತಿಗೆ ಚೂಪು ಭರ್ಜಿ ತುದಿಯ ಕಾರ್ಬೈಡ್ ಬಿಟ್ ಸಾಕು. ಏಳೆಂಟು ತೂತಿಗೆ ಅದೇ ಅಗ್ಗ. ದೊಡ್ಡ ತೂತಾದರೆ ಟೊಳ್ಳು ಕೊಳವೆಯ ಡೈಮಂಡ್ ಬಿಟ್. ವಜ್ರದ ಪುಡಿಯನ್ನು ಮೇಲೆ ಲೇಪಿಸಿದ್ದು ಅಗ್ಗ, ಆದರೆ ಲೇಪ ಸವೆದರೆ ಮುಗಿಯಿತು. ಲೋಹದೊಳಗೇ ಪುಡಿ ಬೆರೆಸಿದ ಸಿಂಟರ್ಡ್ ಬಿಟ್ ಸವೆದಂತೆಲ್ಲ ಹೊಸ ಪುಡಿ ಮೇಲೆ ಬರುತ್ತದೆ, ಬೆಲೆ ಹೆಚ್ಚು. ದಿನವೂ ಇದೇ ಕಸುಬಾದವರಿಗಷ್ಟೇ ಅದು ಗಿಟ್ಟುತ್ತದೆ.

ಬಿಟ್ ಬಾಳುವುದು ನೀರಿನಿಂದ. ತೂತಿನ ಜಾಗದ ಸುತ್ತ ಕಲಸಿದ ಗೋಧಿಹಿಟ್ಟಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಬ್ಯಾಟರಿ ಡ್ರಿಲ್ ಬಳಸಿ, ಹ್ಯಾಮರ್ ಆಫ್ ಮಾಡಿ, ನಿಧಾನವಾಗಿ ತಿರುಗಿಸಿ, ಒತ್ತಬೇಡಿ. ಗಾಜಿನಡಿ ಹಲಗೆ, ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ. ಅಂಚಿನಿಂದ ಒಂದಿಂಚಾದರೂ ಬಿಡಿ.

ಮೂಲೆಯಲ್ಲಿ ಟಫನ್ಡ್ ಮುದ್ರೆ ಇದ್ದರೆ ಬಿಟ್ ಮುಟ್ಟಿಸಲೇಬೇಡಿ, ಇಡೀ ಗಾಜು ಪುಡಿಯಾಗುತ್ತದೆ. ಅಂಥದ್ದು ಬೇಕಿದ್ದರೆ ಆರ್ಡರ್ ಕೊಡುವಾಗಲೇ ತೂತು ಹಾಕಿಸಿಕೊಳ್ಳಿ.