ಮತಗಳ ಗಣನೆ: ಗ್ರೀಕರ ಮರೆಯಾದ ಪಂಥಗಳು ಮತ್ತು ಮೂಡುಬಿದಿರೆಯ ಧವಲಾ

ಗ್ರೀಕ್ ತತ್ತ್ವಶಾಸ್ತ್ರವೆಂದೊಡನೆ ಸಾಕ್ರಟೀಸ್, ಪ್ಲೇಟೋ, ಅರಿಸ್ಟಾಟಲರ ಹೆಸರುಗಳೇ ಮುಂದೆ ನಿಲ್ಲುತ್ತವೆ. ಸಿರೀನಿಯ ಅರಿಸ್ಟಿಪ್ಪಸ್, ಮೆಗರಾ ಪಂಥದ ಯೂಬುಲಿಡೀಸ್, ಎಲಿಸ್‌ನ ಪಿರ್ರೋ ಮೊದಲಾದವರು ಕನ್ನಡದಲ್ಲಿ ಹೆಸರಿಗಷ್ಟೇ ಪರಿಚಿತರು. ಪಿರ್ರೋ ತನ್ನ ತತ್ತ್ವವನ್ನು ಬರೆದಿಡಲಿಲ್ಲ; ಉಳಿದಿಬ್ಬರ ಗ್ರಂಥಗಳು ನಷ್ಟವಾಗಿವೆ. ಅವರ ಬಗೆಗೆ ಇಂದು ತಿಳಿದಿರುವುದು ಶಿಷ್ಯರು, ಸಂಗ್ರಾಹಕರು, ಎದುರಾಳಿಗಳು ಹೇಳಿದ ಮಾತುಗಳಿಂದ ಮಾತ್ರ.

ಅಲೆಕ್ಸಾಂಡರನ ದಂಡಯಾತ್ರೆಯಲ್ಲಿ ಪಿರ್ರೋ ಭಾರತದ ಬತ್ತಲೆ ಜ್ಞಾನಿಗಳನ್ನು ಕಂಡನೆಂದು ಡಯೋಜಿನಿಸ್ ಲಯೆರ್ಷಿಯಸ್ ಹೇಳುತ್ತಾನೆ. ಇದನ್ನೇ ಹಿಡಿದು ಪಿರ್ರೋನ ಸಂದೇಹವಾದದಲ್ಲಿ ಸ್ಯಾದ್ವಾದದ ಪ್ರಭಾವವನ್ನು ಅರಸುವುದು ಉತ್ಸಾಹದ ಮಾತು. ಆ ಜ್ಞಾನಿಗಳು ಜೈನರೇ ಎನ್ನಲು ಆಧಾರ ಸಾಲದು. ಗಟ್ಟಿಯಾದ ಹೋಲಿಕೆ ಸಿದ್ಧಾಂತದಲ್ಲಿಲ್ಲ, ಆಕರಗಳ ಸ್ವರೂಪದಲ್ಲಿದೆ.

ಕ್ರಿ.ಪೂ. ಒಂದನೆಯ ಶತಮಾನದ ರೋಮನ್ ವಿದ್ವಾಂಸ ವಾರೋ ತತ್ತ್ವಪಂಥಗಳು 288 ಆಗಬಹುದೆಂದು ಲೆಕ್ಕ ಹಾಕಿದ್ದನು. ಅವನ ಗ್ರಂಥ ಉಳಿದಿಲ್ಲ. ಲೆಕ್ಕವನ್ನು ತಿಳಿಸುವವನು ಆಗಸ್ಟೀನ್. ಮನುಷ್ಯನು ಸಹಜವಾಗಿ ಬಯಸುವ ವಿಷಯಗಳು ನಾಲ್ಕು, ಸದ್ಗುಣದೊಡನೆ ಅವುಗಳ ಸಂಬಂಧ ಮೂರು ಬಗೆಯದು, ಅಲ್ಲಿಗೆ ಹನ್ನೆರಡು. ತನಗಾಗಿ ಬಯಸುವುದೋ ಪರರಿಗಾಗಿಯೂ ಬಯಸುವುದೋ, ನಿಶ್ಚಯದಿಂದ ಒಪ್ಪುವುದೋ ನವ್ಯ ಅಕಾಡೆಮಿಯವರಂತೆ ಸಂದೇಹದಿಂದ ಒಪ್ಪುವುದೋ, ಸಿನಿಕರ ನಡೆಯೋ ಲೋಕರೂಢಿಯ ನಡೆಯೋ ಎಂದು ಮೂರು ಸಲ ಇಮ್ಮಡಿಸಿದರೆ 96. ವಿರಾಮಜೀವನ, ಕರ್ಮಜೀವನ, ಮಿಶ್ರಜೀವನ ಎಂದು ಮೂರರಿಂದ ಗುಣಿಸಿದರೆ 288. ಇವು ಸಾಧ್ಯವಿರುವ ಪಂಥಗಳೇ ಹೊರತು ಅಥೆನ್ಸಿನ ಬೀದಿಯಲ್ಲಿ ನಡೆದಾಡಿದ ಪಂಥಗಳಲ್ಲ.

ಇದೇ ಬಗೆಯ ಗಣನೆ ಜೈನ ಪರಂಪರೆಯಲ್ಲಿಯೂ ಇದೆ. ಮೂಡುಬಿದಿರೆಯಲ್ಲಿ ಸಿದ್ಧಾಂತ ಬಸದಿಯೆಂದೇ ಹೆಸರಾದ ಗುರುಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ, ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಪ್ರತಿಲೇಖನ ಆರಂಭವಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳು ಹೊರಬಂದವು. ದೃಷ್ಟಿವಾದವೆಂಬ ಲುಪ್ತ ಅಂಗವನ್ನು ವಿವರಿಸುವಾಗ ಧವಲಾಕಾರರು 363 ಪರಮತಗಳನ್ನು ಹೇಳುತ್ತಾರೆ: ಕ್ರಿಯಾವಾದ 180, ಅಕ್ರಿಯಾವಾದ 84, ಅಜ್ಞಾನವಾದ 67, ವಿನಯವಾದ 32.

ಈ ಸಂಖ್ಯೆಗಳು ಹುಟ್ಟಿದ ಬಗೆಯನ್ನು ನೇಮಿಚಂದ್ರರ ಗೊಮ್ಮಟಸಾರದ ಕರ್ಮಕಾಂಡ ಬಿಡಿಸಿ ತೋರಿಸುತ್ತದೆ. ಈ ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡ ವೃತ್ತಿಯನ್ನು ಬರೆದನೆಂಬುದನ್ನು ಕನ್ನಡ ಸಂಶೋಧಕರು ನೆನೆಯಬೇಕು. ನವ ಪದಾರ್ಥಗಳನ್ನು ಸ್ವತಃ, ಪರತಃ, ನಿತ್ಯ, ಅನಿತ್ಯ ಎಂಬ ನಾಲ್ಕರಿಂದಲೂ, ಕಾಲ, ಈಶ್ವರ, ಆತ್ಮ, ನಿಯತಿ, ಸ್ವಭಾವ ಎಂಬ ಐದರಿಂದಲೂ ಗುಣಿಸಿದರೆ 180 ಕ್ರಿಯಾವಾದಗಳು ದೊರೆಯುತ್ತವೆ. ಉಳಿದವೂ ಇಂಥ ಭಂಗಗಣಿತದ ಫಲಗಳೇ. ಆದುದರಿಂದ 363ನ್ನು ಪ್ರಾಚೀನ ಭಾರತದ ಮತಗಳ ಜನಗಣತಿಯೆಂದು ಉದ್ಧರಿಸುವುದು ತಪ್ಪಾಗುತ್ತದೆ.

ಹೆಸರುಗಳ ವಿಷಯ ಇನ್ನೂ ಜಟಿಲ. ಧವಲಾದ ಅಕ್ರಿಯಾವಾದಿಗಳಲ್ಲಿ ಕಪಿಲನಿದ್ದಾನೆ. ಸಾಂಖ್ಯರ ಪುರುಷ ಅಕರ್ತೃವೆಂಬ ಸಮರ್ಥನೆಯನ್ನಾದರೂ ಇಲ್ಲಿ ಕೊಡಬಹುದು. ಅಜ್ಞಾನವಾದಿಗಳಲ್ಲಿ ಬಾದರಾಯಣ, ಜೈಮಿನಿಯರಿದ್ದಾರೆ. ವೇದವನ್ನು ಧರ್ಮದ ಪ್ರಮಾಣವೆಂದು ಸಾಧಿಸಿದ ಜೈಮಿನಿ ತನ್ನನ್ನು ಹೀಗೆ ಕರೆದುಕೊಳ್ಳುತ್ತಿರಲಿಲ್ಲ. ಅವನ ಸೂತ್ರಗಳು ಉಳಿದಿರುವುದರಿಂದ ಸಾಕ್ಷಿಯನ್ನು ಪರೀಕ್ಷಿಸಲು ಸಾಧ್ಯವಾಗುತ್ತದೆ. ಆದರೆ ಅದೇ ಸಾಲಿನ ಸ್ವೇಷ್ಟಕೃತ್, ಐತಿಕಾಯನರಿಗೆ ಅಂಥ ರಕ್ಷಣೆಯಿಲ್ಲ. ಗ್ರೀಕ್ ಪಕ್ಷದಲ್ಲಿಯೂ ಪರೀಕ್ಷೆ ಇದೇ ತೆರನಾದುದು. ಡಯೋಜಿನಿಸ್ ತನ್ನ ಹತ್ತನೆಯ ಪುಸ್ತಕದಲ್ಲಿ ಎಪಿಕ್ಯೂರಸನ ಮೂರು ಪತ್ರಗಳನ್ನು ಪೂರ್ಣವಾಗಿ ಕೊಟ್ಟಿರುವುದರಿಂದ ಅಲ್ಲಿ ತತ್ತ್ವಜ್ಞನ ಸ್ವಂತ ಮಾತೇ ಸಿಗುತ್ತದೆ. ಅರಿಸ್ಟಿಪ್ಪಸನ ಚಾಟೂಕ್ತಿಗಳಿಗೆ ಆ ಬೆಲೆ ಸಲ್ಲದು. ಸ್ವಂತ ವಚನವನ್ನೂ ಅನ್ಯರ ವರದಿಯನ್ನೂ ಬೇರ್ಪಡಿಸುವ ಕ್ರಮವನ್ನು ಹರ್ಮನ್ ಡೀಲ್ಸ್ 1903ರ ತನ್ನ ಸಂಕಲನದಲ್ಲಿ ಸಾಕ್ರಟೀಸ್‌ಪೂರ್ವ ಚಿಂತಕರಿಗೆ ಅನ್ವಯಿಸಿದನು.

ಕನ್ನಡದ ಖಂಡನಸಾಹಿತ್ಯಕ್ಕೆ ಈ ಶಿಸ್ತು ಇನ್ನೂ ಪೂರ್ಣವಾಗಿ ಒದಗಬೇಕಾಗಿದೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆಯಲ್ಲಿ ಶಾಸ್ತ್ರದಿಂದ ಬಂದ ಪೂರ್ವಪಕ್ಷ ಒಂದು ಪದರ, ಊರಿನ ದೈವಗಳ ಹಾಗೂ ಆಚರಣೆಗಳ ಬಗೆಗಿನ ವಿಡಂಬನೆ ಇನ್ನೊಂದು. ವಿಡಂಬನೆ ಕಟುವಾಗಿದ್ದರೂ ಅದರ ಹಿಂದೆ ಕಣ್ಣಾರೆ ಕಂಡ ಲೋಕವಿದೆ. ಮತಚರಿತ್ರೆಗೆ ಹೆಚ್ಚು ಉಪಯುಕ್ತವಾದುದು ಈ ಎರಡನೆಯ ಪದರವೇ.