ಪತ್ತೆ ಕೂಲಿ

ಗ್ಯಾರೇಜಿನ ಬಿಲ್ಲಿನಲ್ಲಿ ಪ್ಲಗ್ಗಿಗೆ ರೇಟಿದೆ, ಆಯಿಲ್‌ಗೆ ರೇಟಿದೆ, ಬಿಚ್ಚಿ ಜೋಡಿಸಿದ ಲೇಬರ್‌ಗೆ ರೇಟಿದೆ. ಕೆಲವರು ಕೈ ಒರೆಸಿದ ಬಟ್ಟೆಗೂ 'ಕನ್ಸ್ಯೂಮಬಲ್ಸ್' ಅಂತ ನೂರೈವತ್ತು ಸೇರಿಸುತ್ತಾರೆ. ತೊಂದರೆ ಏನು ಅಂತ ಕಂಡುಹಿಡಿದದ್ದಕ್ಕೆ ಇಷ್ಟು ಎಂಬ ಸಾಲು ಮಾತ್ರ ಇರುವುದಿಲ್ಲ. ಇದ್ದರೆ ನಾವೂ ಬಿಡುವವರಲ್ಲ. 'ಬರೀ ನೋಡಿದ್ದಕ್ಕೆ ದುಡ್ಡೇನ್ರೀ?' ಅಂತ ಜಗಳಕ್ಕೇ ನಿಲ್ಲುತ್ತೇವೆ. ನೋಡಿದ್ದಕ್ಕೆ ದುಡ್ಡು ಹುಟ್ಟದಿದ್ದರೆ ಮೆಕ್ಯಾನಿಕ್ಕು ಬದುಕಬೇಕಾದದ್ದು ಸ್ಪೇರ್ ಪಾರ್ಟಿನ ಲಾಭದಲ್ಲಿ. ಅನುಮಾನ ಬಂದದ್ದನ್ನೆಲ್ಲ ಬದಲಾಯಿಸುವುದು ಅವನಿಗೆ ಕಸುಬು, ನಮಗೆ ಖರ್ಚು. ಅವನನ್ನು ಬೈದು ಉಪಯೋಗವಿಲ್ಲ. ನಾವು ಯಾವುದಕ್ಕೆ ಕಾಸು ಬಿಚ್ಚುತ್ತೇವೋ ಅವನು ಅದನ್ನೇ ಮಾರುತ್ತಾನೆ.

ಈ ಲೆಕ್ಕ ನನಗೆ ಸ್ಪಷ್ಟವಾದದ್ದು ನನ್ನ ಹಳೇ ಪೋಲೋ ಜಿಟಿ ಟಿಎಸ್‌ಐ ಚಳಿಗಾಲದ ಬೆಳಗುಗಳಲ್ಲಿ ನಡುಗತೊಡಗಿದಾಗ. 2013ರ ಗಾಡಿ, ನಾನು ಎರಡನೇ ಮಾಲೀಕ. ಆ ವರ್ಷ ಅದು ಮಾರುಕಟ್ಟೆಗೆ ಬಂದಾಗ ಷೋರೂಂ ಬೆಲೆ ಎಂಟು ಲಕ್ಷದ ಆಸುಪಾಸು. 1.2 ಲೀಟರಿನ ಪುಟ್ಟ ಎಂಜಿನ್, ಅದಕ್ಕೊಂದು ಟರ್ಬೊ, 105 ಅಶ್ವಶಕ್ತಿ, ಏಳು ಗೇರಿನ ಡಿಎಸ್‌ಜಿ. ಜರ್ಮನ್ನರ ಮುಂದೆ ಇದನ್ನು 'ಹಾಟ್ ಹ್ಯಾಚ್' ಅಂದರೆ ನಗಬಹುದು. ಮೈಸೂರು–ನಂಜನಗೂಡು ರಸ್ತೆಯಲ್ಲಿ ಲಾರಿ ಹಿಂದಿಕ್ಕುವ ನಮಗೆ ಅಷ್ಟು ಬಿಸಿ ಧಾರಾಳ ಸಾಕು. ಚಾಕಣ್‌ನಲ್ಲಿ ಪೋಲೋ ತಯಾರಿಕೆ 2022ಕ್ಕೆ ನಿಂತೇಹೋಯಿತು. ಅದಾದ ಮೇಲೆ ಒಳ್ಳೇ ಸ್ಥಿತಿಯಲ್ಲಿರುವ ಜಿಟಿಗಳ ಮಾಲೀಕರಿಗೆ ಸ್ವಲ್ಪ ಜಂಬವೂ ಬಂದಿದೆ. ನನಗೂ.

ಲಕ್ಷಣ ಹೀಗಿತ್ತು. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಆಮೇಲೆ ಶುರು. ಐಡ್ಲಿಂಗ್ ಮೇಲೆ ಕೆಳಗೆ ಕುಣಿಯುತ್ತದೆ, ಸ್ಟೀರಿಂಗ್ ಅದುರುತ್ತದೆ, ಸೈಲೆನ್ಸರ್‌ನಿಂದ ತಾಳ ತಪ್ಪಿದ ಸದ್ದು, ಎಂಜಿನ್ ಲೈಟು ಮಿನುಗುತ್ತದೆ. ಒಂದೆರಡು ನಿಮಿಷಕ್ಕೆ ಎಲ್ಲ ಶಾಂತ. ಆಮೇಲೆ ದಿನವಿಡೀ ಓಡಿಸಿ, ಏನೂ ಇಲ್ಲ. ಗ್ಯಾರೇಜಿನವರ ಭಾಷೆಯಲ್ಲಿ 'ಕೋಲ್ಡಲ್ಲಿ ಮಿಸ್ ಹೊಡೀತಿದೆ'.

ಈ ರೋಗದ ದೊಡ್ಡ ತೊಂದರೆ ಯಾಂತ್ರಿಕವಾದದ್ದೇ ಅಲ್ಲ. ಮನೆಯಿಂದ ಗ್ಯಾರೇಜ್ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ, ರೋಗ ಮಾಯವಾಗಿರುತ್ತದೆ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ 'ಚೆನ್ನಾಗೇ ಇದೆಯಲ್ಲ ಸರ್' ಅನ್ನುತ್ತಾನೆ. ಅವನು ಕಾಯಿಲೆಯನ್ನು ಒಮ್ಮೆಯೂ ಕಂಡಿಲ್ಲ, ನನ್ನ ಬಾಯಿಂದ ಕೇಳಿದ್ದಾನೆ ಅಷ್ಟೆ. ಕಾಣದ ರೋಗಕ್ಕೆ ಎಸ್ಟಿಮೇಟ್ ಬರೆಯುವಾಗ ಎಲ್ಲರೂ ದುಬಾರಿ ಅಂಗವನ್ನೇ ಹೆಸರಿಸುತ್ತಾರೆ. ಒಂದು ದೊಡ್ಡ ಗ್ಯಾರೇಜು ನಾಲ್ಕೂ ಇಂಜೆಕ್ಟರ್, ಹೈ ಪ್ರೆಶರ್ ಪಂಪು, ಲೇಬರ್ ಎಲ್ಲ ಸೇರಿಸಿ ಎಪ್ಪತ್ತು ಸಾವಿರದ ಮೇಲೆ ಬರೆದುಕೊಟ್ಟಿತು. ಇನ್ನೊಂದು ಕಡೆ ಎಂಜಿನ್ ಮೌಂಟಿಂಗ್ ಹೋಗಿದೆ ಅಂದರು. ಮೌಂಟಿಂಗ್ ಹೋದರೆ ಅದುರುವುದು ನಿಜ. ಎಂಜಿನ್ ಲೈಟು ಯಾಕೆ ಮಿನುಗುತ್ತದೆ ಅಂತ ಕೇಳಿದೆ, ಉತ್ತರ ಬರಲಿಲ್ಲ. ಆ ಹೊತ್ತಿಗೆ ಗಾಡಿಯ ಮರುಮಾರಾಟದ ಬೆಲೆಯೇ ಮೂರು ಲಕ್ಷದ ಆಚೀಚೆ. ಅದರ ಕಾಲು ಭಾಗಕ್ಕೆ ಸಮೀಪದ ಮೊತ್ತವನ್ನು ಒಂದು ಊಹೆಯ ಮೇಲೆ ಸುರಿಯಬೇಕಿತ್ತು.

ಮಿನುಗುವ ಲೈಟನ್ನು ಕಡೆಗಣಿಸಿ ಕಾಲ ತಳ್ಳುವುದೂ ಅಗ್ಗದ ದಾರಿಯಲ್ಲ. ಸುಮ್ಮನೆ ಉರಿಯುವ ಎಂಜಿನ್ ಲೈಟು ಬೇರೆ, ಮಿನುಗುವುದು ಬೇರೆ. ಮಿನುಗಿದರೆ ಪೆಟ್ರೋಲು ಸಿಲಿಂಡರಿನಲ್ಲಿ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ ಎಂದರ್ಥ. ಅದು ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿದು ಅದನ್ನು ಸುಟ್ಟುಹಾಕಬಲ್ಲದು. ಕನ್ವರ್ಟರಿನೊಳಗೆ ಇರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಅದರ ಬಿಲ್ಲು ಬಂದರೆ ಇಂಜೆಕ್ಟರಿನ ಎಸ್ಟಿಮೇಟೇ ವಾಸಿ ಅನಿಸೀತು.

ಕೊನೆಗೆ ಸಿಕ್ಕವರು ಇಬ್ಬರು ಹುಡುಗರನ್ನಿಟ್ಟುಕೊಂಡು ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್. ಬಾನೆಟ್ ಎತ್ತುವ ಮೊದಲೇ ಷರತ್ತು ಹೇಳಿದರು: 'ಗಾಡಿ ರಾತ್ರಿ ಇಲ್ಲೇ ಇರಲಿ ಸರ್. ಬೆಳಿಗ್ಗೆ ನೀವು ಕೀ ಮುಟ್ಟಬೇಡಿ, ನಾನೇ ಸ್ಟಾರ್ಟ್ ಮಾಡ್ತೀನಿ. ನೋಡೋದಕ್ಕೆ ಎರಡು ಸಾವಿರ. ಏನೂ ಸಿಗಲಿಲ್ಲ ಅಂದ್ರೂ ಎರಡು ಸಾವಿರ. ಪಾರ್ಟು ನೀವು ಎಲ್ಲಾದ್ರೂ ತಗೊಳ್ಳಿ.' ನಾನು ಒಪ್ಪಲು ಕೊನೆಯ ವಾಕ್ಯವೇ ಕಾರಣ. ಪಾರ್ಟ್ ಮಾರುವ ಆಸೆ ಇಲ್ಲದವನು ರೋಗದ ಬಗ್ಗೆ ಸುಳ್ಳು ಹೇಳಿ ಗಳಿಸುವುದೇನಿದೆ?

ಅವರ ಕ್ರಮ ನೋಡುವಂತಿತ್ತು. ಬೆಳಕು ಹರಿಯುವ ಮುಂಚೆ, ಎಂಜಿನ್ ಇನ್ನೂ ತಣ್ಣಗಿರುವಾಗ, ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ ಲ್ಯಾಪ್‌ಟಾಪಿನಲ್ಲಿ ಎರಡು ಅಂಕಿ ನೋಡಿದರು. ಕೂಲಂಟ್ ಉಷ್ಣತೆ ಒಂದು, ಒಳಬರುವ ಗಾಳಿಯ ಉಷ್ಣತೆ ಇನ್ನೊಂದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೊರಗಿನ ಹವೆಗೆ ಹೆಚ್ಚುಕಡಿಮೆ ಸರಿಹೊಂದಬೇಕು. ಹೊರಗೆ ಹದಿನಾರು ಡಿಗ್ರಿ ಇರುವಾಗ ಕೂಲಂಟ್ ಸೆನ್ಸರ್ ಐವತ್ತು ತೋರಿಸಿದರೆ ಕಂಪ್ಯೂಟರು ಎಂಜಿನ್ ಬಿಸಿಯಾಗಿದೆ ಎಂದುಕೊಂಡು, ತಣ್ಣನೆಯ ಎಂಜಿನ್‌ಗೆ ಕೊಡಬೇಕಾದ ಹೆಚ್ಚುವರಿ ಪೆಟ್ರೋಲು ಕೊಡುವುದಿಲ್ಲ. ಎಷ್ಟೋ ಗಾಡಿಗಳ ಬೆಳಗಿನ ನಡುಕ ಈ ಸಣ್ಣ ಸೆನ್ಸರಿನದ್ದೇ. ನನ್ನದರಲ್ಲಿ ಎರಡೂ ಸರಿಯಾಗಿದ್ದವು. ಇಷ್ಟನ್ನು ಸಾವಿರ ರೂಪಾಯಿ ಒಳಗಿನ ಬ್ಲೂಟೂತ್ ಒಬಿಡಿ ಅಡಾಪ್ಟರು, ಫೋನಿನಲ್ಲಿ ಒಂದು ಆಪ್ ಇಟ್ಟುಕೊಂಡು ನೀವೇ ಮನೆಯಲ್ಲಿ ನೋಡಬಹುದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆ ಎಂಬುದನ್ನೂ ಅದು ತೋರಿಸುತ್ತದೆ. ಹತ್ತರ ಕೆಳಗೆ ಜಾರುತ್ತಿದ್ದರೆ ಮೊದಲು ಬ್ಯಾಟರಿ ಚೆಕ್ ಮಾಡಿಸಿ, ಇಂಜೆಕ್ಟರಿನ ಮಾತು ಆಮೇಲೆ.

ಸ್ಟಾರ್ಟ್ ಆಯಿತು. ಯಾವ ಸಿಲಿಂಡರ್ ಎಷ್ಟು ಸಲ ಉರಿಯಲಿಲ್ಲ ಎಂದು ಲೆಕ್ಕ ಹಾಕುವ ಪರದೆಯಲ್ಲಿ ಒಂದು, ಎರಡು, ನಾಲ್ಕು ಸೊನ್ನೆಯಲ್ಲಿ ನಿಂತಿದ್ದವು. ಮೂರನೆಯದು ಮಾತ್ರ ಆಟೋ ಮೀಟರಿನಂತೆ ಓಡುತ್ತಿತ್ತು. ಅವರು ಎಂಜಿನ್ ಆಫ್ ಮಾಡಿ, 'ಸಾಕು, ಇವತ್ತಿನ ಕೋಲ್ಡ್ ಮುಗೀತು' ಅಂದರು. ದಿನಕ್ಕೆ ಒಂದೇ ಸಲ ಸಿಗುವ ಪರೀಕ್ಷೆ ಅದು.

ಇಲ್ಲೊಂದು ಅಡ್ಡಮಾತು. ಈಗ ಗಾಡಿ ಕೆಮ್ಮಿದರೂ ಸೀನಿದರೂ ಬೈಗುಳ ತಿನ್ನುವುದು ಇ20 ಪೆಟ್ರೋಲು. 2025ರ ಹೊತ್ತಿಗೆ ಶೇ 20ರಷ್ಟು ಎಥೆನಾಲ್ ಬೆರಕೆ ದೇಶದ ತುಂಬ ಬಂತು, ನನ್ನಂಥ ಬಿಎಸ್4 ಗಾಡಿಯವರ ಆತಂಕಕ್ಕೆ ಅರ್ಥವಿಲ್ಲ ಅಂತಲ್ಲ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಪೂರ್ತಿ ಎಥೆನಾಲ್‌ನಲ್ಲೂ ಓಡುವ ಬ್ರೆಜಿಲ್‌ನ ಕಾರುಗಳಲ್ಲಿ ಚಳಿ ಬೆಳಗಿಗೆಂದೇ ಬಾನೆಟ್ ಕೆಳಗೆ ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು. ಆದರೆ ನಾಲ್ಕೂ ಸಿಲಿಂಡರಿಗೆ ಬರುವುದು ಒಂದೇ ಟ್ಯಾಂಕಿನ ಪೆಟ್ರೋಲು. ಮೂರನೆಯದೊಂದೇ ಮುನಿಸಿಕೊಂಡಿದ್ದರೆ ತಪ್ಪು ಬಂಕಿನದಲ್ಲ. ಪರದೆಯ ಮೇಲಿನ ಮೂರು ಸೊನ್ನೆಗಳು ಪೆಟ್ರೋಲನ್ನೂ ಪಂಪನ್ನೂ ಒಟ್ಟಿಗೆ ದೋಷಮುಕ್ತ ಮಾಡಿದವು. ಎಪ್ಪತ್ತು ಸಾವಿರದ ಎಸ್ಟಿಮೇಟಿನಲ್ಲಿ ದೊಡ್ಡದೊಂದು ಐಟಂ ಅಲ್ಲಿಗೇ ಹೊಡೆದುಹೋಯಿತು.

ಉಳಿದ ಅನುಮಾನ ಮೂರನೇ ಸಿಲಿಂಡರಿನ ಪ್ಲಗ್, ಅದರ ವೈರು, ಅದರ ಇಂಜೆಕ್ಟರ್, ಅದರ ವಾಲ್ವುಗಳ ಮೇಲೆ. ಮೂರರ ಪ್ಲಗ್ ಬಿಚ್ಚಿ ಒಂದಕ್ಕೆ ಹಾಕಿದರು, ಒಂದರದ್ದು ಮೂರಕ್ಕೆ. ಪೈಸೆ ಖರ್ಚಿಲ್ಲ. ಬಿಚ್ಚಿದ ಪ್ಲಗ್ ಒಣಗಿತ್ತು, ಡಿಪ್‌ಸ್ಟಿಕ್ಕಿನ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇರಲಿಲ್ಲ. ಇಂಜೆಕ್ಟರ್ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿದ್ದರೆ ಪ್ಲಗ್ಗಿನ ತುದಿ ಒದ್ದೆಯಾಗಿ, ಸ್ಟಾರ್ಟ್ ಆದೊಡನೆ ಹಿಂದೆ ಕಪ್ಪು ಹೊಗೆ, ಘಾಟು ಬರುತ್ತಿತ್ತು. ಮರುದಿನ ಮತ್ತೆ ನೋಡಿದರೆ ಎಣಿಕೆ ಮೂರರಲ್ಲೇ ಓಡುತ್ತಿತ್ತು. ಪ್ಲಗ್ ನಿರ್ದೋಷಿ.

ಆಗ ಅವರು ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ ತೆಗೆದುಕೊಂಡು, ಶೆಡ್ಡಿನ ದೀಪ ಆರಿಸಿ, ಎಂಜಿನ್ ಓಡುತ್ತಿದ್ದ ಹಾಗೇ ವೈರುಗಳ ಕಡೆಗೆ ಮಂಜಿನಷ್ಟು ನೀರು ಹಾಯಿಸಿದರು. ಈ ಎಂಜಿನ್‌ನಲ್ಲಿ ಕಾಯಿಲ್ ಪ್ಯಾಕಿನಿಂದ ಪ್ರತಿ ಪ್ಲಗ್ಗಿಗೂ ದಪ್ಪನೆಯ ಹೈ ಟೆನ್ಷನ್ ವೈರು ಹೋಗುತ್ತದೆ. ಮೂರನೇ ವೈರಿನ ರಬ್ಬರ್ ಟೋಪಿಯ ಬುಡದಿಂದ ಪಕ್ಕದ ಲೋಹಕ್ಕೆ ನೀಲಿ ಕಿಡಿ ಚಟಚಟ ಹಾರಿತು. ಕತ್ತಲಲ್ಲಿ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. (ಸಾವಿರಾರು ವೋಲ್ಟಿನ ಆಟ ಅದು, ಮನೆಯಲ್ಲಿ ಮಾಡಲು ಹೋಗಬೇಡಿ.) ಆಮೇಲೆ ಟೋಪಿ ಕಿತ್ತು ಟಾರ್ಚ್ ಹಿಡಿದರೆ ಒಳಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಎರಡೂ ಅಂಚು ಸುಟ್ಟು ಬೂದು ಬಣ್ಣ. ಇಷ್ಟು ವರ್ಷ ಎಂಜಿನ್ ಕಾವಿನಲ್ಲಿ ಬೆಂದ ರಬ್ಬರು ಬಿರಿಯದೆ ಇನ್ನೇನಾಗುತ್ತದೆ? ಕಂಪನಿಯನ್ನು ದೂರುವಂಥದ್ದೇನಲ್ಲ. ಬೆಳಗಿನ ತೇವ ಬಿರುಕಿನೊಳಗೆ ಕೂತಾಗ ಕಿಡಿಗೆ ಪ್ಲಗ್ಗಿಗಿಂತ ಸುಲಭದ ದಾರಿ ಸಿಗುತ್ತದೆ. ಎಂಜಿನ್ ಬಿಸಿಯೇರಿ ತೇವ ಒಣಗಿದ ಮೇಲೆ ಮತ್ತೆ ಪ್ಲಗ್ಗಿಗೇ ಹೋಗುತ್ತದೆ. ಮಧ್ಯಾಹ್ನದ ಗ್ಯಾರೇಜಿನಲ್ಲಿ ಇದು ಯಾರ ಕಣ್ಣಿಗೂ ಬೀಳದಿದ್ದದ್ದು ಈ ಕಾರಣಕ್ಕೆ.

ವೈರ್ ಸೆಟ್ಟಿಗೆ ಐದು ಸಾವಿರದ ಹತ್ತಿರ, ಹಾಕಿದ್ದಕ್ಕೆ ಐನೂರು, ಪತ್ತೆಗೆ ಎರಡು ಸಾವಿರ. ಪತ್ತೆಯ ದುಡ್ಡನ್ನು ನಾನು ಮೊದಲೇ ಎಣಿಸಿ ಕೊಟ್ಟಿದ್ದೆ. ವೈರೇ ಅಂತ ಗೊತ್ತಾದ ಮೇಲೆ 'ಇಷ್ಟೇನಾ? ಇದಕ್ಕೆ ಎರಡು ಸಾವಿರವಾ?' ಅನಿಸಿಬಿಡುತ್ತದೆ ಎಂಬುದು ನನಗೆ ನನ್ನ ಬಗ್ಗೆ ಗೊತ್ತಿರುವ ಸಂಗತಿ.

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದರೆ ಸುಳ್ಳು. ಲೈಟು ಮಿನುಗುವುದು ನಿಂತಿತು, ದೊಡ್ಡ ನಡುಕ ಹೋಯಿತು. ತೀರಾ ಚಳಿಯ ದಿನ ಮೊದಲ ಅರ್ಧ ನಿಮಿಷ ಸಣ್ಣದೊಂದು ಅದುರು ಉಳಿಯಿತು. ಅದರ ಮೂಲವನ್ನೂ ಅವರು ತೋರಿಸಿದರು. ತೆಳ್ಳನೆಯ ಕ್ಯಾಮೆರಾ ಒಳಕ್ಕೆ ಬಿಟ್ಟಾಗ ಇನ್‌ಟೇಕ್ ವಾಲ್ವುಗಳ ಬೆನ್ನಿನ ಮೇಲೆ ಕಪ್ಪು ಕಾರ್ಬನ್ ಗಟ್ಟಿಯಾಗಿ ಕಟ್ಟಿತ್ತು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳ ಜನ್ಮಕ್ಕೆ ಅಂಟಿದ ಗುಣ ಇದು, ಯಾವ ಕಂಪನಿಯದ್ದಾದರೂ ಅಷ್ಟೆ. ಹಳೇ ಪದ್ಧತಿಯಲ್ಲಿ ಪೆಟ್ರೋಲು ವಾಲ್ವಿನ ಬೆನ್ನಿನ ಮೇಲೆ ಬಿದ್ದು ಅದನ್ನು ತೊಳೆಯುತ್ತಿತ್ತು; ಇಲ್ಲಿ ಆ ಸ್ನಾನವೇ ಇಲ್ಲ. ಆದ್ದರಿಂದ ಬಂಕಿನ ಕೌಂಟರಿನಲ್ಲಿ ಮಾರುವ, ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಗಳು ಈ ಕಾರ್ಬನ್‌ಗೆ ಏನೂ ಮಾಡಲಾರವು. ಇಂಜೆಕ್ಟರಿನ ತುದಿಗೆ ಒಂದಿಷ್ಟು ಪ್ರಯೋಜನವಾದೀತು, ವಾಲ್ವಿಗೆ ಆ ದ್ರವ ಮುಟ್ಟುವುದೇ ಇಲ್ಲ. ಅದಕ್ಕೆ ಮ್ಯಾನಿಫೋಲ್ಡ್ ಬಿಚ್ಚಿ ಕೆರೆಯಬೇಕು, ಇಲ್ಲವೇ ಆಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಉದುರಿಸಬೇಕು. ನನಗೆ ಸಿಕ್ಕ ದರ ಹದಿನೈದು ಸಾವಿರದ ಸುತ್ತ.

ಮಾಡಿಸಲಿಲ್ಲ. ಯೋಚಿಸಿದ್ದು ಹೀಗೆ: 2013ರ ಗಾಡಿಗೆ 2028ರಲ್ಲಿ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಬರುತ್ತದೆ. ಅಷ್ಟರೊಳಗೆ ಅರ್ಧ ನಿಮಿಷದ ಅದುರು ನಿಲ್ಲಿಸಲು ಹದಿನೈದು ಸಾವಿರ ಜಾಸ್ತಿ. ಮಿಸ್‌ಫೈರ್ ಎಣಿಕೆ ಸೊನ್ನೆಯಲ್ಲಿದೆ, ಕನ್ವರ್ಟರ್ ಸುರಕ್ಷಿತ. ಎಣಿಕೆ ಮತ್ತೆ ಓಡತೊಡಗಿದ ದಿನ, ಅಥವಾ ಬೇರೆ ಯಾವುದಕ್ಕೋ ಮ್ಯಾನಿಫೋಲ್ಡ್ ಬಿಚ್ಚಿದ ದಿನ, ಅದೇ ಲೇಬರಿನಲ್ಲಿ ಕೆರೆಸುತ್ತೇನೆ.

'ಇಷ್ಟೆಲ್ಲ ಯಾಕೆ, ಮಾರಿ ಹೊಸದು ತಗೊಳ್ಳಿ' ಅನ್ನುವ ಗೆಳೆಯರಿದ್ದಾರೆ. ಹತ್ತು ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 20,750. ಮೊದಲ ವರ್ಷ ಬಡ್ಡಿಯೊಂದೇ 83 ಸಾವಿರದಷ್ಟು. ಇನ್ಶೂರೆನ್ಸು, ಷೋರೂಮಿನ ಗೇಟು ದಾಟಿದೊಡನೆ ಕರಗುವ ಬೆಲೆ ಬೇರೆ. ಹಾಗಂತ ಹಳೇ ಗಾಡಿ ಯಾವಾಗಲೂ ಅಗ್ಗ ಎಂದು ನಾನು ವಾದಿಸುವುದಿಲ್ಲ. ಊಹೆಯ ಮೇಲೆ ಎಪ್ಪತ್ತು ಸಾವಿರ ಸುರಿದಿದ್ದರೆ ಬಡ್ಡಿಯ ಲೆಕ್ಕಕ್ಕೂ ರಿಪೇರಿ ಲೆಕ್ಕಕ್ಕೂ ಹೆಚ್ಚು ಅಂತರ ಉಳಿಯುತ್ತಿರಲಿಲ್ಲ, ಅದರ ಮೇಲೆ ಬೆಳಿಗ್ಗೆ ಗಾಡಿ ನಡುಗುತ್ತಲೇ ಇರುತ್ತಿತ್ತು. 2025ರಲ್ಲಿ ಭಾರತಕ್ಕೆ ಬಂದಾಗ ಗಾಲ್ಫ್ ಜಿಟಿಐ ಬೆಲೆ ಸುಮಾರು 53 ಲಕ್ಷ ಇತ್ತು. ನಿಜವಾದ ಹಾಟ್ ಹ್ಯಾಚ್ ಬೇಕೆನ್ನುವವರು ಅದನ್ನು ಕೊಳ್ಳಲಿ.

ನಿಮ್ಮ ಗಾಡಿಯೂ ಬೆಳಿಗ್ಗೆ ಹೀಗೆ ನಡುಗುತ್ತಿದ್ದರೆ ಮೊದಲು ಫೋನಿನಲ್ಲಿ ಮೀಟರ್ ಬೋರ್ಡು ಕಾಣುವಂತೆ, ಸದ್ದು ಕೇಳುವಂತೆ ಒಂದು ವಿಡಿಯೊ ಮಾಡಿಕೊಳ್ಳಿ. ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಡಿ. ಪತ್ತೆಗೆ ಎಷ್ಟು, ಕೆಲಸಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಪತ್ತೆಗೆ ಏನೂ ಬೇಡ ಸರ್ ಅಂದರೆ, ಯಾವ ಪರೀಕ್ಷೆ ಮಾಡಿ ಈ ಪಾರ್ಟ್ ಹೋಗಿದೆ ಅಂತ ಹೇಳುತ್ತಿದ್ದೀರಿ ಎಂದು ಕೇಳಿ. ಹಳೇ ಪಾರ್ಟನ್ನು ವಾಪಸ್ ಕೇಳಿ ಪಡೆಯಿರಿ. ನನ್ನ ಸುಟ್ಟ ವೈರಿನ ಟೋಪಿ ಗ್ಲೋವ್ ಬಾಕ್ಸಿನಲ್ಲೇ ಇದೆ. ಮುಂದೆ ಗಾಡಿ ಕೊಳ್ಳುವವನಿಗೆ ಸ್ಕ್ಯಾನ್ ರಿಪೋರ್ಟು, ವಾಲ್ವಿನ ಫೋಟೊ ಜೊತೆ ಅದನ್ನೂ ಕೊಟ್ಟು, ಆ ಹದಿನೈದು ಸಾವಿರವನ್ನು ಬೆಲೆಯಲ್ಲಿ ಕಳೆದುಕೊಳ್ಳಲು ನಾನು ತಯಾರಿದ್ದೇನೆ.