ಬ್ರೇಕ್ ಆಯಿಲಿಗೂ ಮಳೆಗಾಲ ತಾಗುತ್ತದೆ

ಫೋರ್ ವೀಲ್ ಜೀಪು ತೆಗೆದುಕೊಂಡದ್ದು ಒಳ್ಳೆಯದೇ ಆಯಿತು ಮಾರಾಯ. ಸುಳ್ಯ, ಕಡಬದ ಕಡೆ ತೋಟಕ್ಕಿಳಿಯುವ ಮಣ್ಣಿನ ರಸ್ತೆಗೆ ಅದೇ ಆಗಬೇಕು. ದೊಡ್ಡ ಟಯರು ಹಾಕಿಸಿದ್ದಿ, ಮುಂದೆ ವಿಂಚೂ ಬಂತು, ನಾಲ್ಕು ಲೈಟೂ ಬಂತು. ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ಸಮಯವಾಯಿತು ಅಂತ ಕೇಳಿದರೆ ಮಾತ್ರ "ಲೆವೆಲ್ ಸರಿ ಉಂಟಲ್ಲ" ಅಂತಿ. ಲೆವೆಲ್ ಬೇರೆ, ಆಯಿಲಿನ ಗುಣ ಬೇರೆ.

ಆಟಿ ತಿಂಗಳಲ್ಲಿ ಮುಚ್ಚಳ ಸಡಿಲಾದ ಉಪ್ಪಿನ ಭರಣಿಯ ಹಾಗೆ ಬ್ರೇಕ್ ಆಯಿಲು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಹೋಸಿನ ರಬ್ಬರಿನ ಮೂಲಕವೂ ನಿಧಾನಕ್ಕೆ ನೀರಿನಂಶ ಸೇರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು ಅಂತ ಮಾನದಂಡ. ನೀರು ಸೇರಿದ ಮೇಲೆ ಅದೇ ಮಿತಿ 140. ಡಾಟ್ 4 ಆದರೆ 230 ಮತ್ತು 155. ಪುತ್ತೂರು ಪೇಟೆಯಲ್ಲಿ ತಿರುಗಾಡುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಲೋಡು ಹಾಕಿಕೊಂಡು ಬಿಸಿಲೆ ಘಾಟಿಯಿಂದ ಕುಲ್ಕುಂದಕ್ಕೋ, ಮಡಿಕೇರಿಯಿಂದ ಸಂಪಾಜೆಗೋ ಬ್ರೇಕ್ ಒತ್ತಿಕೊಂಡೇ ಇಳಿಯುವವನಿಗೆ ಗೊತ್ತಾಗುತ್ತದೆ. ಆಯಿಲ್ ಕುದಿದು ಆವಿಯಾಗುತ್ತದೆ, ಆವಿ ಅದುಮಿದರೆ ಕುಗ್ಗುತ್ತದೆ, ಕಾಲಿನ ಒತ್ತಡ ಚಕ್ರಕ್ಕೆ ತಲುಪದೆ ಪೆಡಲು ಮೆತ್ತಗೆ ತಳ ಮುಟ್ಟುತ್ತದೆ. ತಣಿದ ಮೇಲೆ ಪುನಃ ಸರಿಯಾಗುವುದರಿಂದ ಮರುದಿನ ಗ್ಯಾರೇಜಿನಲ್ಲಿ ಯಾರಿಗೂ ದೋಷ ಕಾಣಿಸುವುದಿಲ್ಲ. ಅದೇ ದೊಡ್ಡ ಮೋಸ.

ಹಾಗಾಗಿ ಘಾಟಿಯ ಡಾಮರು ರಸ್ತೆಯಲ್ಲಿ ಟೂ ವೀಲಿನಲ್ಲೇ ಸಣ್ಣ ಗೇರು ಹಾಕಿ ಇಳಿ. ಜಾರುವ ತೋಟದ ದಾರಿಗೆ ಫೋರ್ ಲೋ. ಹಿಡಿಯುವ ಕೆಲಸ ಆದಷ್ಟು ಇಂಜಿನ್ನೇ ಮಾಡಲಿ.

ಡಬ್ಬಿಯಲ್ಲಿ ಆಯಿಲ್ ಕಡಿಮೆಯಾದ ಕೂಡಲೇ ತುಂಬಿಸಿ ಸುಮ್ಮನಾಗಬೇಡ. ಪ್ಯಾಡ್ ಸವೆದ ಹಾಗೆ ಸ್ವಲ್ಪ ಇಳಿಯುವುದು ಸಹಜ. ಬೇಗ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ತೋಡು ದಾಟಿ ಬಂದ ಜೀಪಿನ ಅಡಿಯಲ್ಲಿ ಕೆಸರು ಬಿಟ್ಟರೆ ಬೇರೇನೂ ಕಾಣದು. ತೊಳೆದು, ಒಣಗಿಸಿ, ಹಿಂದಿನ ಚಕ್ರದ ಒಳಬದಿಗೆ ಬೆರಳು ಹಾಕಿ ನೋಡು. ದಪ್ಪಗೆ ಅಂಟಿ ಗೇರ್ ಆಯಿಲಿನ ಗಾಟು ವಾಸನೆ ಬಂದರೆ ಆಕ್ಸಲ್ ಸೀಲ್ ಹೋಗಿರಬಹುದು. ತೆಳ್ಳಗಿದ್ದರೆ ಬ್ರೇಕ್ ಆಯಿಲೇ ಇರಬಹುದು, ವೀಲ್ ಸಿಲಿಂಡರ್ ಬಿಚ್ಚಿಸು.

ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಸಾಮಾನ್ಯ ರೂಢಿ. ನಮ್ಮ ಮಳೆಗೆ, ಅದೂ ದಿನಾ ನೀರಿಗಿಳಿಯುವ ಹಳೆಯ ಜೀಪಿಗೆ, ವರ್ಷಕ್ಕೊಮ್ಮೆ ಆಗಲಿ ಅಂತ ನನ್ನ ಅಭಿಪ್ರಾಯ. ಅಡಿಕೆಗೆ ಮದ್ದು ಬಿಡಲು ಮೈಲುತುತ್ತು ತರುವ ಹೊತ್ತಿಗೆ ಇದನ್ನೂ ಮುಗಿಸಿಬಿಡು. ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿಸು. ಇಂಜಿನ್ ಆಯಿಲ್, ಸ್ಟಿಯರಿಂಗ್ ಆಯಿಲ್ ಒಂದು ಹನಿಯೂ ಬೇಡ, ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಕಳೆದ ವರ್ಷ ಒಡೆದು ಶೆಡ್ಡಿನಲ್ಲಿಟ್ಟ ಅರ್ಧ ಬಾಟಲಿಯೂ ಬೇಡ. ಪೈಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆ, ಇಲ್ಲದಿದ್ದರೆ ಪೈಂಟು ಎದ್ದು ಬರುತ್ತದೆ.

ಮತ್ತೊಂದು, ತೆಗೆದ ಹಳೆಯ ಆಯಿಲನ್ನು ತೋಡಿಗೆ ಚೆಲ್ಲಬೇಡ. ಗ್ಯಾರೇಜಿನವರಿಗೇ ಕೊಟ್ಟು ಬಾ.